ಮೈಕಮ್ಮನ ಅರ್ಧ ಗಂಟೆ

ಮೂವತ್ತಮೂರು ವರ್ಷ ನಮ್ಮ ಸ್ಟೇಷನ್ನಿನ ಮೈಕಿನಲ್ಲಿ ಗಾಡಿ ಬಂತು, ಹೋಯಿತು, ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದ ಹೆಂಗಸನ್ನು ನಾವೆಲ್ಲ ಮೈಕಮ್ಮ ಎಂದು ಕರೆಯುತ್ತಿದ್ದೆವು. ಆ ಹೆಸರು ಇಟ್ಟವನು ನಾನೇ. ಅವರ ಗಾಜಿನ ಕೋಣೆಗೆ ಅಂಟಿಕೊಂಡಿದ್ದ ವಿಚಾರಣೆ ಕೌಂಟರಿನಲ್ಲಿ ನಾನು ಕೂರುತ್ತಿದ್ದೆ. ಅವರು ಸುಮ್ಮನಿರುತ್ತಾರೆಯೇ, ನನಗೆ ಕೌಂಟರಣ್ಣ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಒಂದೇ ವರ್ಷ ಇಬ್ಬರೂ ನಿವೃತ್ತರಾದೆವು. ಹೆಸರುಗಳಿಗೆ ಮಾತ್ರ ನಿವೃತ್ತಿ ಸಿಗಲಿಲ್ಲ.

ಅವರ ಕೋಣೆಯಲ್ಲಿ ಒಂದು ಮೇಜು, ಗಾಡಿಗಳ ಸುದ್ದಿ ಬರುವ ಕಂಟ್ರೋಲಿನ ಫೋನು, ಕತ್ತು ಬಗ್ಗಿಸಿದ ಮೈಕು, ಒಂದು ಚಹಾದ ಫ್ಲಾಸ್ಕು, ಗೋಡೆಗೆ ಗಡಿಯಾರ. ಗಾಜಿನ ಕೋಣೆ ಎಂದು ಹೆಸರಿಗೆ ಅಷ್ಟೆ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಯಾರೋ ಹಿಂದಿನವರು ಗಾಜಿಗೆಲ್ಲ ಹಳೆಯ ವೇಳಾಪಟ್ಟಿಗಳನ್ನು ಅಂಟಿಸಿಬಿಟ್ಟಿದ್ದರು. ಹಾಗಾಗಿ ಮೈಕಮ್ಮನಿಗೆ ಪ್ಲಾಟ್‌ಫಾರ್ಮ್ ಕಾಣುತ್ತಿರಲಿಲ್ಲ. ಅವರ ದನಿ ಹೊರಗೆ ಹೋಗುತ್ತಿತ್ತು, ಅದಕ್ಕೆ ಬರಬೇಕಾದ ಬೈಗುಳ ಪಕ್ಕದ ಕಿಂಡಿಯಲ್ಲಿ ನನಗೆ ಬರುತ್ತಿತ್ತು.

ದನಿ ಚೆನ್ನಾಗಿತ್ತು. ಹೊಗಳುವುದು ನನ್ನ ಜಾಯಮಾನವಲ್ಲ, ಆದರೂ ಒಪ್ಪಿಕೊಳ್ಳಬೇಕು. ಎರಡು ಗಾಡಿ ಒಟ್ಟಿಗೆ ಸಿಳ್ಳೆ ಹಾಕಿದರೂ ಅವರ ಮಾತು ಅಕ್ಷರ ಅಕ್ಷರ ಕೇಳಿಸುತ್ತಿತ್ತು. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, "ನಮ್ಮಕ್ಕ ಕಲಿಸಿದ್ದು" ಎಂದಿದ್ದರು. ತಾಯಿ ತೀರಿಕೊಂಡಾಗ ಮೈಕಮ್ಮನಿಗೆ ಆರು ವರ್ಷ. ಹತ್ತೊಂಬತ್ತರ ಅಕ್ಕ ಆಗಷ್ಟೇ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದಳು. ತಂಗಿಯನ್ನು ಮನೆಯಲ್ಲಿ ಬಿಡುವುದಕ್ಕೆ ಯಾರೂ ಇಲ್ಲದೆ ಜೊತೆಗೇ ಶಾಲೆಗೆ ಕರೆದುಕೊಂಡು ಹೋಗಿ, ಮೊದಲ ಬೆಂಚಿನ ಎದುರು ನಿಲ್ಲಿಸಿ ಪಾಠ ಓದಿಸುತ್ತಿದ್ದಳು. ದನಿ ಸ್ವಲ್ಪ ಇಳಿದರೆ ಸಾಕು, "ಹಿಂದಿನ ಬೆಂಚಿಗೆ ಕೇಳಬೇಕು, ಇನ್ನೊಂದ್ಸಲ ಓದು" ಎನ್ನುವಳಂತೆ. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮದುವೆ ಮಾಡಿಸಿದ್ದು ಎಲ್ಲ ಅಕ್ಕನೇ. ಮೈಕಮ್ಮ ಅಕ್ಕ ಎಂದಾಗ ಬೇರೆಯವರು ಅಮ್ಮ ಎಂದ ಹಾಗೆ ಕೇಳಿಸುತ್ತಿತ್ತು.

ನಮ್ಮ ಸ್ಟೇಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಒಬ್ಬ ಸ್ಟೇಷನ್ ಮಾಸ್ತರರಿಂದ ಇನ್ನೊಬ್ಬರಿಗೆ ಬಾಯಿಂದ ಬಾಯಿಗೆ ಬಂದದ್ದು. ಗಾಡಿ ಎಲ್ಲೋ ಸಿಕ್ಕಿಹಾಕಿಕೊಂಡು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದಾಗ, ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳಬಾರದು. ಅರ್ಧ ಗಂಟೆ ತಡ ಎನ್ನಬೇಕು. ಅರ್ಧ ಗಂಟೆ ಆದ ಮೇಲೆ ಮತ್ತೆ ಅರ್ಧ ಗಂಟೆ. ಹಾಗೆ ಕಂತು ಕಂತಾಗಿ ಹೇಳುತ್ತಾ ಹೋದರೆ ಜನ ರೇಗುವುದಿಲ್ಲ, ಆಸೆ ಹಿಡಿದುಕೊಂಡು ಕೂರುತ್ತಾರೆ ಎನ್ನುವುದು ಮಾಸ್ತರರ ನಂಬಿಕೆ. ಮೈಕಮ್ಮನ ಕೈಯಲ್ಲಿ, ಅಲ್ಲ, ಬಾಯಲ್ಲಿ, ಆ ಅರ್ಧ ಗಂಟೆ ಬಹಳ ಮೃದುವಾಗಿ ಬರುತ್ತಿತ್ತು. ಒಮ್ಮೆ ಅವರು ಒಂದೇ ಗಾಡಿಗೆ ಹನ್ನೊಂದು ಅರ್ಧ ಗಂಟೆ ಹೇಳಿದ್ದರು, ಹನ್ನೊಂದನೆಯದೂ ಮೊದಲನೆಯದರಷ್ಟೇ ನಂಬುವ ಹಾಗಿತ್ತು.

ನಿವೃತ್ತರಾದ ಮೇಲೆ ನಮಗೆ ವರ್ಷಕ್ಕೆ ಇಷ್ಟು ಸಲ ಎಂದು ಪುಕ್ಕಟೆ ಪಾಸು ಸಿಗುತ್ತದೆ. ಮೈಕಮ್ಮ ಒಂದು ಹಳೆಯ ವೇಳಾಪಟ್ಟಿಯ ಬೆನ್ನಿಗೆ ಊರುಗಳ ಹೆಸರು ಬರೆದರು. "ಬಾಯಲ್ಲಿ ಹೇಳಿದ್ದನ್ನೆಲ್ಲ ಕಣ್ಣಲ್ಲಿ ನೋಡಬೇಕು ಕೌಂಟರಣ್ಣ" ಎಂದರು. ಪಟ್ಟಿಯಲ್ಲಿ ಮೊದಲನೆಯದು ಅಕ್ಕನ ಊರು. ನಮ್ಮ ಲೈನಿನ ಕೊನೆಯ ಸ್ಟೇಷನ್ನು, ಅಲ್ಲಿಂದ ಮುಂದೆ ಸಮುದ್ರ. ಒಂಬತ್ತು ಗಂಟೆಯ ದಾರಿ. ಕೆಲಸದಲ್ಲಿದ್ದಾಗ ಪಾಳಿ, ರಜೆ, ಗಂಡನ ಗಿರಣಿ ಎಂದು ಇವರು ಹೋದದ್ದು ಕಡಿಮೆ, ಅಕ್ಕನೇ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಈಗ ಅಕ್ಕನಿಗೆ ಎಪ್ಪತ್ತನಾಲ್ಕು. ಭಾವ ತೀರಿಕೊಂಡು ವರ್ಷಗಳಾಗಿವೆ, ಮಗಳ ಜೊತೆ ಇದ್ದಾಳೆ. ಹೋಗಿ ಅಕ್ಕನನ್ನು ಕರೆದುಕೊಂಡು ಬಂದು ಎರಡು ತಿಂಗಳು ಜೊತೆಯಲ್ಲಿಟ್ಟುಕೊಳ್ಳುವುದು, ಆಮೇಲೆ ಮಿಕ್ಕ ಊರುಗಳು. ಟಿಕೆಟ್ಟು ತೆಗೆದು, ಬೂದು ಬಣ್ಣದ ಚೀಲದ ಹರಿದ ಜಿಪ್ಪನ್ನು ಹೊಲಿಸಿ ಇಟ್ಟುಕೊಂಡಿದ್ದರು. ಹೊರಡುವುದಕ್ಕೆ ನಾಲ್ಕು ದಿನ ಇದ್ದಾಗ ಸಾಂಕ್ರಾಮಿಕ ರೋಗ ಬಂತು, ಗಾಡಿಗಳೆಲ್ಲ ನಿಂತವು.

ನಾವೂ ಅವರೂ ಒಂದೇ ಕಟ್ಟಡದಲ್ಲಿದ್ದೇವೆ, ನಾವು ಕೆಳಗೆ, ಅವರು ಮೇಲೆ. ಆ ದಿನಗಳಲ್ಲಿ ನಮ್ಮ ಪ್ರಯಾಣವೆಲ್ಲ ನಡುವಿನ ಮೆಟ್ಟಿಲುಗಳ ಮೇಲೆ ನಡೆಯಿತು. ಸಂಜೆ ನಾಲ್ಕಕ್ಕೆ ನಾನು ಕೆಳಗಿನ ಮೂರನೇ ಮೆಟ್ಟಿಲಲ್ಲಿ, ಮೈಕಮ್ಮ ಒಂಬತ್ತನೇ ಮೆಟ್ಟಿಲಲ್ಲಿ, ಅವರ ಗಂಡ ಎಲ್ಲಕ್ಕಿಂತ ಮೇಲೆ ತಮ್ಮ ಬಾಗಿಲ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು. ಅವರನ್ನು ನಾವು ಗಿರಣಿಯವರು ಎನ್ನುತ್ತೇವೆ. ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ, ಆ ನಲವತ್ತು ವರ್ಷದ ಹಿಟ್ಟಿನ ಧೂಳನ್ನು ಎದೆಯಲ್ಲಿ ತುಂಬಿಕೊಂಡವರು. ಎಂಟು ಮೆಟ್ಟಿಲು ಹತ್ತಿದರೆ ಜೇಬಿನಿಂದ ಉಬ್ಬಸದ ಪಂಪು ತೆಗೆದು ಬಾಯಿಗೆ ಒತ್ತಿಕೊಳ್ಳಬೇಕು. "ನನ್ನ ಎದೆ ಕೊಡವಿದ್ರೆ ಇಡೀ ಬೀದಿಗೆ ಒಂದು ಹೊತ್ತಿನ ಊಟ ಆಗುತ್ತೆ" ಎಂದು ಅವರೇ ನಗುತ್ತಿದ್ದರು. ಈ ಕಾಯಿಲೆ ಯಾರನ್ನು ಹುಡುಕಿಕೊಂಡು ಬರುತ್ತದೋ ಆ ಪಟ್ಟಿಯಲ್ಲಿ ಅವರ ಹೆಸರು ಮೊದಲ ಸಾಲಿನಲ್ಲೇ ಇತ್ತು.

ಹೇಳಿಬಿಡುತ್ತೇನೆ, ಗಿರಣಿಯವರಿಗೆ ಕೊನೆಯವರೆಗೂ ಏನೂ ಆಗಲಿಲ್ಲ. ಇವತ್ತು ಬೆಳಿಗ್ಗೆಯೂ ಪೇಪರು ನನಗಿಂತ ಮೊದಲು ಎತ್ತಿಕೊಂಡು ಹೋದರು. ಓದುವವರನ್ನು ಅರ್ಧರ್ಧ ಗಂಟೆ ಕಾಯಿಸುವ ಅಭ್ಯಾಸ ನನಗಿಲ್ಲ.

ಆದರೆ ಆಗ ನಮಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದೇ ಆಗಿನ ದೊಡ್ಡ ಕೆಲಸ. ದಿನಾ ಅದೇ ಮಾತು. ಗಾಡಿ ಬಿಟ್ಟರಂತೆ, ಹೋಗಬಹುದೇ. ಕಿಟಕಿ ಸೀಟು ಸಿಕ್ಕರೆ ಹೋಗಬಹುದು. ಒಂಬತ್ತು ಗಂಟೆ ಮಾಸ್ಕು ತೆಗೆಯದೆ ಇರುವುದಕ್ಕೆ ಆಗುತ್ತದೆಯೇ, ನೀರು ಕುಡಿಯದೆ ಇರುವುದು ಹೇಗೆ. ಹೋದವಳು ಗಂಡನಿಗೆ ತಂದು ಹಚ್ಚಿದರೆ ಏನು ಗತಿ. ಅಕ್ಕನಿಗೆ ಕೊಂಡೊಯ್ದು ಹಚ್ಚಿದರೆ ಏನು ಗತಿ. ಡಾಕ್ಟರನ್ನು ಕೇಳಿದರೆ "ಇನ್ನು ಸ್ವಲ್ಪ ದಿನ ನೋಡಿ" ಎನ್ನುತ್ತಿದ್ದರು. ಆ ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವರಿಗೂ ತಿಳಿದಿರಲಿಲ್ಲ, ಪಾಪ. ಒಂದು ಸೂಜಿ ಆಯಿತು, ಎರಡು ಆಯಿತು, ಈಗ ಹೊರಡೋಣ ಎನ್ನುವಷ್ಟರಲ್ಲಿ ಎದುರು ಮನೆಯ ದರ್ಜಿ ಮೂರು ದಿನದಲ್ಲಿ ಹೋಗಿಬಿಟ್ಟ. ಬೂದು ಚೀಲ ಮತ್ತೆ ಅಟ್ಟ ಸೇರಿತು. ನನಗೆ ತಲೆ ಚಿಟ್ಟು ಹಿಡಿದಿತ್ತು. ಕೆಲಸದಲ್ಲಿದ್ದಾಗ ಗಾಡಿ ಯಾವಾಗ ಎಂದು ಕೇಳುವವರ ಮೇಲೆ ಸಿಡುಕುತ್ತಿದ್ದವನು, ಈಗ ಅದೇ ಪ್ರಶ್ನೆಯನ್ನು ನಾನೇ ಎಲ್ಲರಿಗೂ ಕೇಳಿಕೊಂಡು ಕೂತಿದ್ದೆ.

ನನ್ನ ಹೆಂಡತಿ ಈ ಲೆಕ್ಕಾಚಾರಕ್ಕೆ ಸೇರಲಿಲ್ಲ. "ಹೋಗೋರು ಹೋಗ್ತಾರೆ, ಕೂರೋರು ಮಾತಾಡ್ತಾರೆ" ಎಂದು ಒಳಗಿನಿಂದಲೇ ಮೂಗು ಮುರಿಯುತ್ತಿದ್ದಳು.

ಪ್ರತಿ ಭಾನುವಾರ ಮೈಕಮ್ಮ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಮೈಕಿನ ಅಭ್ಯಾಸ, ಫೋನನ್ನು ಯಾವತ್ತೂ ಸ್ಪೀಕರಿಗೆ ಹಾಕಿ ಒಂದು ಗೇಣು ದೂರ ಹಿಡಿದೇ ಮಾತಾಡುವುದು. ಹಾಗಾಗಿ ಮೂರನೇ ಮೆಟ್ಟಿಲಿಗೂ ಎಲ್ಲ ಕೇಳಿಸುತ್ತಿತ್ತು.

"ಅಕ್ಕ, ಮುಂದಿನ ತಿಂಗಳು ಹದಿನೈದಕ್ಕೆ ಬರ್ತೀನಿ. ನಿನ್ನ ಬಟ್ಟೆ ತೆಗೆದಿಟ್ಕೋ. ನನ್ನ ಜೊತೆ ಕರ್ಕೊಂಡು ಬಂದುಬಿಡ್ತೀನಿ."

"ಹದಿನೈದಕ್ಕಾ? ಸರಿ ಮರಿ. ಬರ್ಕೋತೀನಿ ಇರು."

ಹದಿನೈದು ಹತ್ತಿರ ಬಂದ ಹಾಗೆ ಏನೋ ಒಂದು ಆಗುತ್ತಿತ್ತು. ಮೈಕಮ್ಮ ಮತ್ತೆ ಫೋನ್ ಮಾಡಿ, "ಇನ್ನು ಇಪ್ಪತ್ತು ದಿನ ಅಷ್ಟೇ ಅಕ್ಕ, ಆರನೇ ತಾರೀಕು ಖಂಡಿತ" ಎನ್ನುತ್ತಿದ್ದರು. ಅದೂ ಹೋಗುತ್ತಿತ್ತು. ದನಿ ಮೊದಲಿನಷ್ಟೇ ಮೃದುವಾಗಿ, ನಂಬುವ ಹಾಗೆ ಇರುತ್ತಿತ್ತು. ಆರೇಳು ಸಲ ಹೀಗಾಯಿತು. ಯಾಕೆ ತಾರೀಕು ಕೊಡುತ್ತೀಯ, ಗೊತ್ತಿಲ್ಲ ಎಂದುಬಿಡು ಎಂದು ಒಮ್ಮೆ ಗಿರಣಿಯವರು ಹೊಸ್ತಿಲಿನಿಂದ ಹೇಳಿದ್ದಕ್ಕೆ, ಮೈಕಮ್ಮ "ಹಾಗೆ ಹೇಳಿದ್ರೆ ಅಕ್ಕ ಧೈರ್ಯ ಬಿಡ್ತಾಳೆ ಕಣ್ರೀ" ಎಂದರು. ನನಗೆ ಆಗಲೇ ಮಾಸ್ತರರು ನೆನಪಾದರು. ನೆನಪಾಗಿಯೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಕ್ಕನ ಮಾತು ನಿಧಾನಕ್ಕೆ ಬದಲಾಗುತ್ತಾ ಬಂತು. ಹೇಳಿದ್ದನ್ನೇ ಹೇಳುವುದು, ತೀರಿಕೊಂಡ ಭಾವ ಪೇಟೆಗೆ ಹೋಗಿದ್ದಾರೆ ಎನ್ನುವುದು. ಒಂದು ಭಾನುವಾರ "ಯಾರಮ್ಮ ಮಾತಾಡ್ತಿರೋದು" ಎಂದು ಎರಡು ಸಲ ಕೇಳಿ, ಆಮೇಲೆ "ಓ, ಮರಿ" ಎಂದಳು. ಮೈಕಮ್ಮ ಫೋನಿಟ್ಟು, "ವಯಸ್ಸಾಯ್ತಲ್ಲ, ಕಿವಿ ಸ್ವಲ್ಪ ಮಂದ" ಎಂದರು. ಕಿವಿ ಅಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಒಂದು ಬುಧವಾರ ಸಂಜೆ ಫೋನ್ ಆ ಕಡೆಯಿಂದಲೇ ಬಂತು. ಮಾತಾಡಿದವಳು ಅಕ್ಕನ ಮಗಳು.

"ಚಿಕ್ಕಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಅಮ್ಮನಿಗೆ ತಾರೀಕು ಹೇಳಬೇಡಿ."

"ಯಾಕೆ ಮಗಳೇ, ಏನಾಯ್ತು?"

"ನೀವು ಹೇಳಿದ ದಿನ ಅವರು ಐದು ಗಂಟೆಗೇ ಎದ್ದು ಸ್ನಾನ ಮಾಡಿ, ಬಟ್ಟೆ ಚೀಲ ತಗೊಂಡು ಹೊರಗಿನ ಬೆಂಚಲ್ಲಿ ಕೂತ್ಬಿಡ್ತಾರೆ. ನೀವು ಬರಲ್ಲ ಅಂತ ಫೋನಲ್ಲಿ ಹೇಳಿದ್ದು ಅವರಿಗೆ ನೆನಪಿರಲ್ಲ. ಗೋಡೆ ಕ್ಯಾಲೆಂಡರಲ್ಲಿ ಬರ್ಕೊಂಡಿರೋದು ಮಾತ್ರ ಇರುತ್ತೆ. ಊಟಕ್ಕೆ ಕರೆದ್ರೆ ಬರಲ್ಲ, ಅಷ್ಟರಲ್ಲಿ ಅವಳು ಬಂದ್ರೆ ಅಂತಾರೆ. ಕತ್ತಲಾದ ಮೇಲೆ ಕೈ ಹಿಡಿದು ಒಳಗೆ ತರಬೇಕು. ಮಾರನೇ ದಿನ ಯಾಕೆ ಅಂತ ಅವರಿಗೇ ಗೊತ್ತಿರಲ್ಲ, ಸುಮ್ಮನೆ ಎಲ್ಲರ ಮೇಲೂ ಮುಖ ಗಂಟು ಹಾಕ್ಕೊಂಡಿರ್ತಾರೆ."

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ಮುಂದಿನ ಸಲ ನೀವು ಬಂದೇ ಬರ್ತೀರ ಅಂತ ನಾನೂ ಅಂದ್ಕೊಂಡಿದ್ದೆ ಚಿಕ್ಕಮ್ಮ. ಈಗ ಹಾಗಲ್ಲ. ಈಗ ತಾರೀಕೂ ಬೇಕಾಗಿಲ್ಲ, ದಿನಾ ಕೂರ್ತಾರೆ. ಬೇರೆ ಮನೆಗೆ ಕರ್ಕೊಂಡು ಹೋಗೋ ಸ್ಥಿತೀಲೂ ಅವರಿಲ್ಲ. ಡಾಕ್ಟರು ಹೇಳಿದ್ರು, ಗುರುತು ಹಿಡಿಯೋದು ಇನ್ನು ಹೆಚ್ಚು ದಿನ ಇರಲ್ಲ ಅಂತ. ನೋಡಬೇಕು ಅಂತಿದ್ರೆ ಬೇಗ ನೋಡಿ."

ಫೋನು ಕಟ್ಟಾಯಿತು. ಮೈಕಮ್ಮ ಅದನ್ನು ಒಂದು ಗೇಣು ದೂರದಲ್ಲೇ ಹಿಡಿದುಕೊಂಡಿದ್ದರು. ಹಾಗೆಯೇ ನನ್ನ ಕಡೆ ತಿರುಗಿದರು.

"ಕೌಂಟರಣ್ಣ, ನಾನು ಅರ್ಧ ಗಂಟೆ ಅಂತ ಹೇಳಿದಾಗ, ಹೊರಗೆ ಜನ ಏನ್ಮಾಡ್ತಿದ್ರು?"

ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ಅದೇ ಒಳ್ಳೆಯದಾಗಿತ್ತೇನೋ. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಕೂರ್ತಿದ್ರು" ಎಂದೆ.

"ಕೂತು?"

"ಕೂತೇ ಇರ್ತಿದ್ರು. ಆರು ಗಂಟೆ ತಡ ಅಂತ ಒಂದೇ ಸಲ ಹೇಳಿಬಿಟ್ಟಿದ್ರೆ ಬೈದು ಮನೆಗೆ ಹೋಗಿ, ಊಟ ಮಾಡಿ ಮಲಗಿ ಬರ್ತಿದ್ರು. ಅರ್ಧ ಗಂಟೆಗೆ ಎಲ್ಲಿಗೆ ಹೋಗ್ತಾರೆ? ನೀರು ಕುಡಿಯೋಕೂ ಏಳ್ತಿರಲಿಲ್ಲ, ಎದ್ದಾಗಲೇ ಗಾಡಿ ಬಂದ್ರೆ ಅಂತ."

ನನಗೆ ಒಬ್ಬ ಮನುಷ್ಯ ನೆನಪಾದ. ಎಲ್ಲೋ ಕೆಲಸದ ಸಂದರ್ಶನಕ್ಕೆ ಹೊರಟವನು, ಕಾಲಿಗೆ ಹೊಚ್ಚ ಹೊಸ ಬೂಟು. ಮೊದಲ ಅರ್ಧ ಗಂಟೆ ನಿಂತೇ ಇದ್ದ. ಮೂರನೆಯದಕ್ಕೆ ಕೂತ. ಐದನೆಯದಕ್ಕೆ ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟುಕೊಂಡ. ಸಂದರ್ಶನದ ಹೊತ್ತು ಯಾವಾಗಲೋ ಮೀರಿತ್ತು, ಆದರೂ ಮೈಕಿನಲ್ಲಿ ದನಿ ಬಂದಾಗಲೆಲ್ಲ ಬೂಟು ಹಾಕಿಕೊಳ್ಳಲು ಬಗ್ಗುತ್ತಿದ್ದ. ಇದನ್ನೂ ಹೇಳಿದೆ.

"ಇಷ್ಟು ವರ್ಷ ನೀವು ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ಮೈಕಿನಲ್ಲಿ ನೀವು ಬೇರೆ ಏನು ಹೇಳ್ತಿದ್ರಿ?"

ನಾನು ಹಾಗೆ ಒರಟಾಗಿ ಹೇಳಬಾರದಿತ್ತು. ಮೇಲೆ ಹೊಸ್ತಿಲಲ್ಲಿ ಗಿರಣಿಯವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ನಾಳೇನೇ ಹೊರಡು" ಎಂದರು.

"ನಾನು ತಂದು ಹಚ್ಚಿ ನಿಮಗೇನಾದ್ರೂ ಆದ್ರೆ?"

"ಆದ್ರೆ ಆಗ್ಲಿ ಅಂತ ದೊಡ್ಡ ಮಾತು ನಾನು ಹೇಳಲ್ಲ. ನನಗೂ ಭಯಾನೇ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಉಸಿರು ಸರಿಯಾಗಿ ಬರ್ತಿದ್ಯಾ ಅಂತ ಎಳೆದು ನೋಡ್ಕೋತೀನಿ." ಪಂಪು ಒತ್ತಿಕೊಂಡು ಸ್ವಲ್ಪ ಸುಧಾರಿಸಿಕೊಂಡರು. "ಒಂದೂವರೆ ವರ್ಷದಿಂದ ನೀನು ಈ ಕಡೆ ನನ್ನ ಎದೆ ಇಟ್ಟು, ಆ ಕಡೆ ನಿಮ್ಮಕ್ಕನ್ನ ಇಟ್ಟು ತೂಗ್ತಾನೇ ಇದ್ದೀಯ. ನಾನು ನಲವತ್ತು ವರ್ಷ ತೂಗಿದವನು ಕಣೇ. ಎರಡು ಕಡೆ ಸಮ ಬರೋ ತನಕ ಕಾಯ್ತೀನಿ ಅಂದ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ. ನೋಡಿ ನೋಡಿ ನನಗೆ ಸಾಕಾಗಿದೆ."

ಮೈಕಮ್ಮ ಅತ್ತರು. ಜೋರಾಗಿ ಅಳಲಿಲ್ಲ, ಮಾಸ್ಕು ಒದ್ದೆಯಾಗುವಷ್ಟು ಅತ್ತರು. ಒಳಗಿನಿಂದ ನನ್ನ ಹೆಂಡತಿ ಹೊರಗೆ ಬಂದು, ಅಷ್ಟು ತಿಂಗಳಲ್ಲಿ ಮೊದಲ ಸಲ ಮಾತಿಗೆ ಸೇರಿದಳು. "ವಾಪಸು ಬಂದ ಮೇಲೆ ಹತ್ತು ದಿನ ನಮ್ಮ ಮುಂದಿನ ಕೋಣೇಲಿ ಇರಿ. ನಾನು ಹಿಂದೆ ಇರ್ತೀನಿ. ಗಿರಣಿಯವರ ಊಟ ನಾನು ಬಾಗಿಲಲ್ಲಿ ಇಟ್ಟು ಬರ್ತೀನಿ. ನಮ್ಮನೆಯವರನ್ನೂ ಜೊತೆಗೆ ಕರ್ಕೊಂಡು ಹೋಗಿ, ಬಂದ ಮೇಲೆ ಇವರು ನಡುಮನೇಲಿ ಬೇರೆ ಮಲಗ್ಲಿ, ಇಲ್ಲಿ ಕೂತು ಮಾಡೋದೇನೂ ಇಲ್ಲ" ಎಂದಳು. ಒಂದೂವರೆ ವರ್ಷ ನಾವು ಮೂವರು ಬಿಡಿಸಲಾರದ್ದನ್ನು ಅವಳು ಪಾತ್ರೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮುಗಿಸಿದಳು.

ಈ ಸಲ ಮೈಕಮ್ಮ ಅಕ್ಕನಿಗೆ ಫೋನ್ ಮಾಡಲಿಲ್ಲ. ಮಗಳಿಗೆ ಮಾತ್ರ ಹೇಳಿದರು.

ಶುಕ್ರವಾರ ಬೆಳಿಗ್ಗೆ ಆರರ ಗಾಡಿ. ನಮ್ಮ ಸ್ಟೇಷನ್ನಿಗೆ ನಾವೇ ಹೊಸಬರಂತೆ ಹೋದೆವು. ನನ್ನ ಕಿಂಡಿಗೆ ಹಲಗೆ ಹೊಡೆದಿದ್ದರು. ಗಾಜಿನ ಕೋಣೆಯಲ್ಲಿ ಪೊರಕೆ, ಬಕೆಟ್ಟು, ನೆಲಕ್ಕೆ ಸಿಂಪಡಿಸುವ ಮದ್ದಿನ ಡಬ್ಬಗಳು. ಗಾಡಿ ಬರುವ ಸುದ್ದಿಯನ್ನು ಈಗ ಯಂತ್ರವೇ ಹೇಳುತ್ತದೆ, ಮೊದಲೇ ಹಿಡಿದಿಟ್ಟ ಯಾರದೋ ದನಿಯ ತುಣುಕುಗಳನ್ನು ಜೋಡಿಸಿ. ಅಂಕಿ ಒಂದು ಕಡೆಯಿಂದ, ಊರು ಇನ್ನೊಂದು ಕಡೆಯಿಂದ. ಮೈಕಮ್ಮ ತಲೆ ಓರೆ ಮಾಡಿ ಕೇಳಿ, "ನಡುವೆ ಉಸಿರೇ ತಗೊಳಲ್ಲ" ಎಂದರು. ನಮ್ಮ ಗಾಡಿ ನಲವತ್ತು ನಿಮಿಷ ತಡವಾಗಿ ಬಂತು. ಯಂತ್ರ ಮೊದಲೇ ನಲವತ್ತು ಎಂದು ಹೇಳಿತ್ತು. ನಾವು ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು, ಆದರೆ ಮಾಸ್ಕು ತೆಗೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಒಂಬತ್ತು ಗಂಟೆ ಕಿಟಕಿ ತೆರೆದಿಟ್ಟುಕೊಂಡು ಕೂತೆವು. ಎದುರಿನವನು ಕೆಮ್ಮಿದಾಗ ನಾನು ಉಸಿರು ಬಿಗಿಹಿಡಿದೆ. ಮೂವತ್ತಮೂರು ವರ್ಷ ಮೈಕಿನಲ್ಲಿ ಹೇಳಿದ ಊರುಗಳು ಒಂದೊಂದಾಗಿ ಬಂದವು. ಪ್ರತಿ ಊರಿನ ಹಲಗೆ ಕಂಡಾಗಲೂ ಮೈಕಮ್ಮನ ತುಟಿ ಮಾಸ್ಕಿನ ಒಳಗೆ ಅಲುಗಾಡುತ್ತಿತ್ತು. ನೋಡಲು ಅಂಥದ್ದೇನೂ ಇರಲಿಲ್ಲ. ಒಂದು ಕೊಳಾಯಿ, ಒಂದು ಬೆಂಚು, ಬೀಗ ಹಾಕಿದ ಕೋಣೆ. ಪಟ್ಟಿ ಮಾಡಿಕೊಂಡು ಬರಬೇಕಾದ ಊರುಗಳಾ ಇವು ಎಂದು ತಮಾಷೆ ಮಾಡಬೇಕೆನಿಸಿತು, ಅವರ ಮುಖ ನೋಡಿ ಸುಮ್ಮನಾದೆ.

ಅಕ್ಕನ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಗೇಟಿನ ಒಳಗೆ ಬಾಗಿಲ ಪಕ್ಕ ಒಂದು ಮರದ ಬೆಂಚು, ಯಾವುದೋ ಶಾಲೆ ಮಾರಿದ ಹಳೆಯದು, ಅಂಚಿನಲ್ಲಿ ಮಸಿಯ ಕಲೆ. ಅಕ್ಕ ಅದರ ಮೇಲೆ ಕೂತಿದ್ದಳು. ತಲೆ ಬಾಚಿ ಗಂಟು ಹಾಕಿಕೊಂಡಿದ್ದಳು. ಚೀಲವನ್ನು ಪಕ್ಕದಲ್ಲಿ ಇಟ್ಟುಕೊಂಡು ಅದರ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಮಗಳು ಬಾಗಿಲಲ್ಲಿ ನಿಂತು ನಮಗೆ ತಲೆಯಾಡಿಸಿದಳು.

ಮೈಕಮ್ಮ ಗೇಟಿನ ಒಳಗೆ ಬಂದು ನಾಲ್ಕು ಹೆಜ್ಜೆ ದೂರದಲ್ಲೇ ನಿಂತರು. ಒಂಬತ್ತು ಗಂಟೆ ಗಾಡಿಯಲ್ಲಿ ಕೂತು ಬಂದವರು, ಹತ್ತಿರ ಹೋಗಲು ಹೆದರಿದರು.

"ಅಕ್ಕ" ಎಂದರು.

ಅಕ್ಕ ನೋಡಿದಳು. ಮಾಸ್ಕು ಹಾಕಿದ ಮುಖವನ್ನು, ನರೆತ ಕೂದಲನ್ನು, ಬೂದು ಚೀಲವನ್ನು. ಆಮೇಲೆ ಮೈಕಮ್ಮನನ್ನು ದಾಟಿ ಗೇಟಿನ ಕಡೆ ನೋಡಿದಳು.

"ಅಕ್ಕ, ನಾನು. ಬಂದಿದ್ದೀನಿ."

"ಏನಂತೀಯಮ್ಮ?" ಅಕ್ಕನ ಹುಬ್ಬು ಗಂಟಿಕ್ಕಿತು. "ಹೀಗೆ ಬಾಯೊಳಗೇ ಮಾತಾಡಿದ್ರೆ ಹೇಗೆ? ಹಿಂದಿನ ಬೆಂಚಿಗೆ ಕೇಳಬೇಕು. ಇನ್ನೊಂದ್ಸಲ."

ಮೈಕಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಆಮೇಲೆ ಬಂದ ದನಿ ಮೂವತ್ತಮೂರು ವರ್ಷ ಗೋಡೆಯಾಚೆಯಿಂದ ನಾನು ಕೇಳಿದ ದನಿಯೇ. ಎರಡು ಗಾಡಿ ಒಟ್ಟಿಗೆ ಸಿಳ್ಳೆ ಹಾಕಿದರೂ ಕೇಳಿಸುತ್ತಿತ್ತು.

"ಅಕ್ಕ, ನಾನು ನಿನ್ನ ತಂಗಿ. ಬಂದಿದ್ದೀನಿ."

ಅಕ್ಕನ ಮುಖ ಅರಳಿತು. ಒಂದು ಗಳಿಗೆ ನನಗೆ, ಬಾಗಿಲಲ್ಲಿದ್ದ ಮಗಳಿಗೆ, ಎಲ್ಲರಿಗೂ ಗೆದ್ದೆವು ಎನಿಸಿತು.

"ಹಾಂ, ಹಾಗೆ" ಎಂದಳು ಅಕ್ಕ. "ನನ್ನ ತಂಗಿಯದೂ ಇದೇ ಥರ ದನಿ. ಸ್ಟೇಷನ್ನಲ್ಲಿದ್ದಾಳೆ ಅವಳು, ಮೈಕಲ್ಲಿ ಹೇಳೋದು. ಇವತ್ತು ಬಂದು ನನ್ನ ಕರ್ಕೊಂಡು ಹೋಗ್ತಾಳೆ." ಚೀಲದ ಹಿಡಿಯನ್ನು ಸರಿಮಾಡಿಕೊಂಡು, ನಾವು ಸ್ಟೇಷನ್ ಕಡೆಯಿಂದ ಬಂದದ್ದನ್ನು ನೋಡಿದ್ದಳೋ ಏನೋ, ಕೇಳಿದಳು. "ಗಾಡಿ ಎಷ್ಟು ತಡ ಅಂತೆ?"

ಮೈಕಮ್ಮ ತಿರುಗಿ ನನ್ನನ್ನು ನೋಡಿದರು. ಅಷ್ಟು ವರ್ಷ ಜನ ನನ್ನ ಕಿಂಡಿಗೆ ಮುಖ ತಂದು ಕೇಳುತ್ತಿದ್ದದ್ದು ಇದೇ ಪ್ರಶ್ನೆ. ಮೆಟ್ಟಿಲ ಮೇಲೆ ಅವರಿಗೆ ಅಷ್ಟು ಬುದ್ಧಿ ಹೇಳಿದ್ದ ನನ್ನ ಬಳಿ ಕೊಡಲು ಏನೂ ಇರಲಿಲ್ಲ.

"ಅರ್ಧ ಗಂಟೆ" ಎಂದರು ಮೈಕಮ್ಮ.

ಅಕ್ಕ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ಜಾಗ ಮಾಡಿದಳು. "ಹಾಗಾದ್ರೆ ಕೂತ್ಕೋಮ್ಮ" ಎಂದಳು. "ಅರ್ಧ ಗಂಟೆಗೆ ಇನ್ನೆಲ್ಲಿಗೆ ಹೋಗ್ತೀಯ."

ಮೈಕಮ್ಮ ಹೋಗಿ ಅಕ್ಕನ ಪಕ್ಕದಲ್ಲಿ ಕೂತರು. ಅಕ್ಕ ಒಂದು ಕೈಯನ್ನು ಚೀಲದಿಂದ ತೆಗೆದು ಅವರ ಕೈ ಮೇಲೆ ಇಟ್ಟಳು, ಗುರುತಿಲ್ಲದವರಿಗೂ ಟೀಚರುಗಳು ಇಡುತ್ತಾರಲ್ಲ, ಹಾಗೆ. ಕತ್ತಲಾಗುವವರೆಗೆ ಇಬ್ಬರೂ ಗೇಟಿನ ಕಡೆ ನೋಡುತ್ತಾ ಕೂತಿದ್ದರು. ನಡುನಡುವೆ ಅಕ್ಕ ಎಷ್ಟು ತಡ ಎಂದು ಕೇಳುತ್ತಿದ್ದಳು, ಮೈಕಮ್ಮ ಹಿಂದಿನ ಬೆಂಚಿಗೆ ಕೇಳುವ ಹಾಗೆ ಹೇಳುತ್ತಿದ್ದರು.